ಬಾವಿಗೆ ಬೀಗ

ಲಾಕ್‌ಡೌನಿನ ಆ ಬೇಸಿಗೆಯಲ್ಲಿ ನಾವು ಎಂಟು ದಿನ ಹೆಗ್ಗಣ ಕೊಳೆತ ನೀರಿನಲ್ಲಿ ಗಂಜಿ ಬೇಯಿಸಿ ಉಂಡೆವು. ಹೆಗ್ಗಣ ಪಾಪದ್ದು, ಬೆಕ್ಕಿಗೆ ಹೆದರಿ ಓಡಿದ್ದು, ಕಾಲು ಜಾರಿದ್ದು. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನಗೆ ಅಸಹ್ಯವಾಗುವುದು ನಮ್ಮ ಮನೆಯವರ ಬಗ್ಗೆ, ಅದರಲ್ಲೂ ಹೆಚ್ಚಿನ ಪಾಲು ನನ್ನ ಬಗ್ಗೆಯೇ.

ನಮ್ಮ ಮನೆ ಇರುವುದು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷ ದೂರದ ಒಂದು ಗುಡ್ಡದ ನೆತ್ತಿಯಲ್ಲಿ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಗಂಡ ಸೌದಿಯ ಒಂದು ಕಂಪೆನಿಯಲ್ಲಿ ಇಪ್ಪತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದು ಊರಿಗೆ ಮರಳಿದವರು. ಮೂರನೆಯವರು ನನ್ನ ಅತ್ತೆ, ಅಳದಂಗಡಿ ಕಡೆಯವರು. ಸೌದಿಯಿಂದ ಗಂಡ ತಂದ ಸಾಮಾನುಗಳಲ್ಲಿ ಬಹಳಷ್ಟು ಹಾಳಾಗಿ ಹೋಗಿವೆ. ಹಾಳಾಗದೆ ಉಳಿದದ್ದು ಅವರ ಸ್ಟೋರ್‌ಕೀಪರ್ ಬುದ್ಧಿ. ಯಾವ ವಸ್ತು ಕಂಡರೂ ಅದಕ್ಕೊಂದು ಚೀಟಿ ಅಂಟಿಸಬೇಕು, ಯಾವ ಬಾಗಿಲು ಕಂಡರೂ ಅದಕ್ಕೊಂದು ಬೀಗ ಹಾಕಬೇಕು.

ಕೊರೊನಾ ಇನ್ನೂ ಚೀನಾದ ಸುದ್ದಿಯಾಗಿದ್ದಾಗಲೇ ಅವರು ಮೊಬೈಲಿನಲ್ಲಿ ಯಾರೋ ಪರದೇಶಿಗಳ ವೀಡಿಯೊ ನೋಡಲು ಶುರು ಮಾಡಿದ್ದರು. ನೆಲದಡಿಯಲ್ಲಿ ಕೋಣೆ ಕಟ್ಟಿಕೊಂಡು, ಲೋಕ ಮುಳುಗಿದರೂ ತಾವು ಮಾತ್ರ ಡಬ್ಬಿಯ ಊಟ ಉಂಡುಕೊಂಡು ಇರುತ್ತೇವೆ ಎನ್ನುವ ಜನ. ನಮ್ಮ ಕೆಂಪುಕಲ್ಲಿನ ಗುಡ್ಡವನ್ನು ಅಗೆಯಲು ಆಗುವುದಿಲ್ಲವಾದ್ದರಿಂದ ನನ್ನ ಪುಸ್ತಕದ ಕೋಣೆಯೇ ಸ್ಟೋರ್ ಆಯಿತು. ಬಂಟ್ವಾಳದ ಮಿಲ್ಲಿನಿಂದ ಕುಚ್ಚಲಕ್ಕಿಯ ಚೀಲಗಳು ಬಂದವು. ತೆಂಗಿನೆಣ್ಣೆ, ಉಪ್ಪು, ಬೆಂಕಿಪೊಟ್ಟಣ, ಮೇಣದಬತ್ತಿ, ಡೆಟಾಲು, ಎರಡು ಹೆಚ್ಚಿನ ಗ್ಯಾಸ್ ಸಿಲಿಂಡರು. ಗೋಣಿಯಲ್ಲಿ ಕಟ್ಟಿಟ್ಟ ಒಣಮೀನಿನ ವಾಸನೆಗೆ ನನ್ನ ಹಳೆಗನ್ನಡದ ನಿಘಂಟು ಇವತ್ತಿಗೂ ನಾರುತ್ತದೆ. ಮಂಗಳೂರಿನ ಮಾಲಿನಿಂದ ಟೊಮೆಟೊ ರಸದಲ್ಲಿ ಮುಳುಗಿಸಿದ ಬೀನ್ಸಿನ ಡಬ್ಬಿಗಳೂ ಬಂದವು. ನಮ್ಮ ಮನೆಯಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ವೀಡಿಯೊದವರು ತಿನ್ನುತ್ತಾರಲ್ಲ, ಅಷ್ಟು ಸಾಕು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಆಟಿ ತಿಂಗಳ ಹಸಿವನ್ನು ಕಂಡು ಬೆಳೆದವರು ಅವರು. ಮಳೆ ಧೋ ಎಂದು ಸುರಿಯುವ ಆ ತಿಂಗಳಿಗಾಗಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ, ಹಪ್ಪಳ ಒಣಗಿಸಿ ಇಡುವುದು ಅವರಿಗೆ ಹೊಸತೇನೂ ಅಲ್ಲ. ನಾವು ಮನೆಯಲ್ಲಿ ಆಡುವುದು ತುಳು. ಅವರ ಮಾತನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನಾವೂ ಇಡ್ತಾ ಇದ್ದೆವು ಮಗಾ. ಒಂದು ಭರಣಿ ಸೊಳೆ ತೆಗೆದರೆ ನಾಲ್ಕು ಮನೆಗೆ ಆಗ್ತಿತ್ತು. ಇದೆಂಥದು, ಒಳಗೆ ಇಟ್ಟು ಬೀಗ ಹಾಕುವುದು?"

"ಅಮ್ಮಾ, ಅದು ಮಳೆಗಾಲ. ಇದು ಬೇರೆ. ಇದರಲ್ಲಿ ಮೊದಲು ನಾವು ಬದುಕಬೇಕು," ಎಂದರು ಗಂಡ.

ತುಂಬಿದ ಕೋಣೆ ನೋಡಿ ನನಗೂ ಒಳಗೊಳಗೆ ಸಮಾಧಾನವಾಗಿತ್ತು. ಟಿ.ವಿ.ಯಲ್ಲಿ ಜನ ಅಂಗಡಿಯ ಮುಂದೆ ನೂಕಾಡುವುದನ್ನು ನೋಡುತ್ತ ನಾನು ಸೋಫಾದಲ್ಲಿ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದೆ.

ಈಗ ಬಾವಿಯ ಸಂಗತಿ. ಅದು ನಮ್ಮ ಹಿತ್ತಿಲಲ್ಲಿದೆ, ಕೆಂಪುಕಲ್ಲು ಕಡಿದು ಮಾಡಿದ ಆಳದ ಬಾವಿ. ಅದಕ್ಕೆ ತಾಗಿಕೊಂಡೇ ಕಾಂಪೌಂಡಿನಲ್ಲಿ ಒಂದು ಚಿಕ್ಕ ಗೇಟು ಇದೆ. ಗೇಟಿನಿಂದ ಕೆಳಗಿಳಿದರೆ ಸರಕಾರ ಬಡವರಿಗೆ ಕೊಟ್ಟ ಐದೈದು ಸೆಂಟ್ಸಿನ ಜಾಗದಲ್ಲಿ ಮೂರು ಮನೆಗಳು. ಮಾವ ಬಾವಿ ತೋಡಿಸಿದಾಗ ಆ ಗೇಟನ್ನು ಇಡಿಸಿದ್ದೇ ಆ ಮನೆಗಳವರಿಗಾಗಿ. ಪಂಚಾಯತಿನ ನಳ್ಳಿ ಬಂದ ಮೇಲೂ ಬೇಸಿಗೆಯಲ್ಲಿ ಅದನ್ನು ನಂಬುವಂತಿರಲಿಲ್ಲ; ಮಾರ್ಚ್ ಕಳೆದರೆ ಕೆಳಗಿನ ಹೆಂಗಸರು ಕೊಡಪಾನ ಹಿಡಿದು ಬರುತ್ತಿದ್ದರು. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ರಾಟೆಯ ಕೀರಲು ಸದ್ದಿಗೆ. ನಾವು ಮಾತ್ರ ಪಂಪು ಹಾಕಿ ಟ್ಯಾಂಕಿಗೆ ನೀರು ಏರಿಸುವವರು. ಮದುವೆಯಾಗಿ ಬಂದ ಮೇಲೆ ನಾನು ಆ ಬಾವಿಯೊಳಗೆ ಇಣುಕಿದ್ದು ಹತ್ತು ಸಲವೂ ಇರಲಿಕ್ಕಿಲ್ಲ. ಕಪ್ಪೆ ಸತ್ತು ತೇಲಿದರೆ, ನೀರು ತಳ ಹಿಡಿದರೆ, ಬಂದು ಹೇಳುತ್ತಿದ್ದದ್ದು ಕೆಳಗಿನ ಮೊದಲ ಮನೆಯವಳೇ. ಬೀಡಿ ಕಟ್ಟುವವಳು, ನನ್ನದೇ ಪ್ರಾಯ. ಅವಳ ಗಂಡ ಬಾವಿ ತೋಡುವ, ಬಾವಿ ಶುಚಿ ಮಾಡುವ ಕೆಲಸದವನು.

ಲಾಕ್‌ಡೌನಿಗೆ ಸ್ವಲ್ಪ ಮೊದಲು ಅವಳ ಮಗಳು ಚೊಚ್ಚಲ ಹೆರಿಗೆಗೆ ಅಮ್ಮನ ಮನೆಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಅದೇ ವಾರ ಪಂಚಾಯತಿನ ಬೋರ್‌ವೆಲ್ಲಿನ ಮೋಟಾರು ಸುಟ್ಟು ಹೋಯಿತು. ಸರಿ ಮಾಡುವವನಿಗೆ ಮಂಗಳೂರಿನಿಂದ ಬರಲು ಪಾಸು ಸಿಗಲಿಲ್ಲ. ಮೂರೂ ಮನೆಗೆ ನಮ್ಮ ಬಾವಿಯೊಂದೇ ಗತಿಯಾಯಿತು.

ಸರಿಯಾಗಿ ಅದೇ ಹೊತ್ತಿಗೆ ನನ್ನ ಗಂಡನ ಮೊಬೈಲಿಗೆ ಯಾರೋ ಪುಣ್ಯಾತ್ಮ ಒಂದು ಮೆಸೇಜು ಕಳಿಸಿದ. ಹಗ್ಗದ ಮೇಲೆ ವೈರಸ್ಸು ಇಷ್ಟು ಗಂಟೆ ಬದುಕುತ್ತದೆ, ಕೊಡದ ಅಂಚಿನ ಮೇಲೆ ಅಷ್ಟು ಗಂಟೆ ಬದುಕುತ್ತದೆ ಎಂದು. ಮಧ್ಯಾಹ್ನದೊಳಗೆ ಬಾವಿಯ ಮೇಲೆ ಕಬ್ಬಿಣದ ಗ್ರಿಲ್ಲು ಕೂತಿತು. ಅದು ಎಲೆ ಬೀಳದಂತೆ ಮಾಡಿಸಿ ಮೂಲೆಯಲ್ಲಿ ಬಿಸಾಡಿದ್ದ ಹಳೆಯ ಗ್ರಿಲ್ಲು. ಪಂಪಿನ ಪೈಪು ಇಳಿಯಲೆಂದು ಗಂಡ ಅದರ ಒಂದು ಮೂಲೆಯನ್ನು ಕತ್ತರಿಸಿದರು. ರಾಟೆ ಬಿಚ್ಚಿದರು. ಗ್ರಿಲ್ಲಿಗೊಂದು ಬೀಗ, ಚಿಕ್ಕ ಗೇಟಿಗೊಂದು ಬೀಗ.

"ಒಂದು ಬೋರ್ಡು ಬರೆ," ಎಂದರು ನನ್ನ ಹತ್ತಿರ. "ನೀನು ಬರೆದರೆ ಮರ್ಯಾದೆಯಲ್ಲಿ ಇರ್ತದೆ."

ಬರೆದೆ. ಕನ್ನಡ ಟೀಚರಲ್ಲವೇ! 'ಎಲ್ಲರ ಆರೋಗ್ಯದ ಹಿತದೃಷ್ಟಿಯಿಂದ ಬಾವಿಯ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ದಯವಿಟ್ಟು ಸಹಕರಿಸಿ.' ದುಂಡಗಿನ ಅಕ್ಷರ, ಒಂದು ತಪ್ಪಿಲ್ಲ. ನಾವು ಬಳಸುತ್ತಲೇ ಇದ್ದೆವು. ನಿಂತದ್ದು ಅವರ ಬಳಕೆ. ಅದನ್ನು ಮುಚ್ಚಿಡಲು 'ನಿಲ್ಲಿಸಲಾಗಿದೆ' ಎಂಬ ಆ ಮಾತು ನನಗೆ ಎಷ್ಟು ಸಲೀಸಾಗಿ ಸಿಕ್ಕಿತು! ಅಷ್ಟು ವರ್ಷ ಕಲಿಸಿದ ಭಾಷೆಯನ್ನು ನಾನು ಇಂಥ ಕೆಲಸಕ್ಕೆ ಬಳಸಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಆ ಬೀಡಿ ಕಟ್ಟುವವಳು ಗೇಟಿನ ಆಚೆ ಕೊಡಪಾನ ಇಟ್ಟು ಬೋರ್ಡು ಓದುತ್ತ ನಿಂತಿದ್ದಳು. ನಾನು ಮಾಸ್ಕು ಏರಿಸಿಕೊಂಡು ದೂರದಲ್ಲಿ ನಿಂತೆ.

"ಟೀಚರ್, ನಮಗೆ ಎಂತಾದರೂ ಆಗ್ತದೆ. ಮಗಳು ಹೆತ್ತು ಹನ್ನೆರಡು ದಿನ ಆದದ್ದಷ್ಟೆ. ಬಾಣಂತಿ ಸ್ನಾನಕ್ಕೆ ದಿನಕ್ಕೆ ಒಂದು ಹಂಡೆ ನೀರು ಬೇಕು. ನೀವೇ ಸೇದಿ ಇಟ್ಟರೂ ಅಡ್ಡಿಯಿಲ್ಲ, ನಾವು ಹಗ್ಗ ಮುಟ್ಟುವುದಿಲ್ಲ."

ಬಾಣಂತಿಯ ಮೈಗೆ ಎಣ್ಣೆ ಹಚ್ಚಿ, ಸುಡು ಸುಡು ನೀರನ್ನು ಸೊಂಟಕ್ಕೆ ಬೀಸಿ ಬೀಸಿ ಹೊಯ್ಯುವ ಸ್ನಾನ ನಮ್ಮ ಕಡೆ ಹೆಂಗಸಿಗೆ ಜನ್ಮದಲ್ಲಿ ಸಿಗುವ ದೊಡ್ಡ ಉಪಚಾರ. ಅದಕ್ಕೆ ನೀರು ಇಲ್ಲ ಎನ್ನುವವರು ಯಾರೂ ಇಲ್ಲ. ನಾನೂ ಇಲ್ಲ ಎನ್ನಲಿಲ್ಲ. "ಅವರ ಹತ್ತಿರ ಕೇಳಿ ಹೇಳ್ತೇನೆ" ಎಂದೆ. ಬೀಗದ ಕೈ ನನ್ನ ಗೊಂಚಲಿನಲ್ಲೇ ಇತ್ತು.

ಕೇಳಿದ್ದು ಅತ್ತೆ. ಊಟಕ್ಕೆ ಕೂತಾಗ, "ಒಂದು ಪೈಪು ಗೋಡೆಯ ಆಚೆಗೆ ಬಿಡು, ಅವರು ಹಿಡಿದುಕೊಳ್ಳುತ್ತಾರೆ. ಯಾರು ಯಾರನ್ನೂ ಮುಟ್ಟುವುದಿಲ್ಲ," ಎಂದು ಮಗನಿಗೆ ಹೇಳಿದರು. ನನಗಾಗಲಿ ಗಂಡನಿಗಾಗಲಿ ಇಷ್ಟು ಸುಲಭದ ದಾರಿ ಹೊಳೆದಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

"ನೀರು ತಳ ಸೇರ್ತಾ ಉಂಟು ಅಮ್ಮಾ. ಮೇ ತಿಂಗಳು ಇಡೀ ಬಾಕಿ ಉಂಟು," ಎಂದರು ಅವರು.

ಹಾಗಾದರೆ ವೈರಸ್ಸಿನ ಮಾತು ಏನಾಯಿತು ಎಂದು ನಾನು ಕೇಳಬೇಕಿತ್ತು. ಅನ್ನಕ್ಕೆ ಸಾರು ಬಡಿಸಿಕೊಂಡೆ.

ಕೆಳಗಿನ ಮನೆಯವರು ನೀರಿಗೆ ಹಳೆಯ ಕಲ್ಲಿನ ಕೋರೆಗೆ ಹೋಗತೊಡಗಿದರು. ಕೆಂಪುಕಲ್ಲು ಕಡಿದು ಬಿಟ್ಟ ಹೊಂಡ, ಮಳೆಯ ನೀರು ನಿಂತು ಹಸಿರಾದದ್ದು, ಹೋಗಿ ಬರಲು ಮುಕ್ಕಾಲು ಗಂಟೆ. ಅವಳ ಮಗಳ ಸ್ನಾನ ಮೂರು ದಿನಕ್ಕೊಮ್ಮೆ ಆಯಿತು. ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕೂಸಿನ ಬಟ್ಟೆ ಒಗೆದ ನೀರಿನಲ್ಲೇ ಮತ್ತೆ ಒಗೆಯುವುದು. ಇದೆಲ್ಲ ನನಗೆ ಆಮೇಲೆ ತಿಳಿದದ್ದಲ್ಲ. ಅಡುಗೆಮನೆಯ ಕಿಟಕಿಯಿಂದ ಅವರ ಅಂಗಳ ಕಾಣುತ್ತದೆ. ನಾನು ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದೆ.

ಬೀಗ ಹಾಕಿ ಒಂದು ವಾರ ಕಳೆದಿರಬೇಕು. ಸಂಜೆ ನಾಲ್ಕರ ಹೊತ್ತು. ಅವಳು ಈ ಸಲ ಹಿಂದಿನ ಗೇಟಿಗೆ ಬರಲಿಲ್ಲ, ಸುತ್ತಿಕೊಂಡು ಓಡುತ್ತ ಎದುರಿನ ದೊಡ್ಡ ಗೇಟಿಗೆ ಬಂದಳು. ಏದುಸಿರು ಬಿಡುತ್ತ, "ಟೀಚರ್, ಓ ಟೀಚರ್!" ಎಂದು ಕೂಗಿದಳು. ಕೈ ಎತ್ತಿ ಮನೆಯ ಹಿಂದಕ್ಕೆ, ಬಾವಿಯ ಕಡೆಗೆ ತೋರಿಸಿದಳು.

"ಪುನಃ ನೀರಿಗೆ," ಎಂದರು ಗಂಡ. "ಹೋಗಬೇಡ. ಒಮ್ಮೆ ಕೊಟ್ಟರೆ ಮೂರು ಮನೆಯವರೂ ಬರ್ತಾರೆ."

ನಾನು ಹೋಗಲಿಲ್ಲ. ಎದುರಿನ ಕಿಟಕಿಯ ಪರದೆಯ ಹಿಂದೆ ನಿಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ನಾನು ಅವಳಿಗೆ ಕಾಣುವುದಿಲ್ಲ ಎಂದುಕೊಂಡೆ. ಗಂಡ ಟಿ.ವಿ.ಯ ಸದ್ದು ಏರಿಸಿದರು. ಅವಳು ಗೇಟಿನ ಚಿಲಕವನ್ನು ನಾಲ್ಕು ಸಲ ಬಡಿದಳು, ಇನ್ನೊಮ್ಮೆ ಕೂಗಿದಳು, ಪರದೆಯ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಅವಳ ಎರಡೂ ಕೈ ಖಾಲಿ ಇದ್ದವು. ನೀರಿಗೆ ಬಂದವಳಾಗಿದ್ದರೆ ಸೊಂಟದಲ್ಲಿ ಕೊಡಪಾನ ಇರುತ್ತಿತ್ತು. ಕಣ್ಣಾರೆ ನೋಡಿದ್ದು ಬುದ್ಧಿಗೆ ಹತ್ತಲಿಲ್ಲ.

ಮೂರನೆಯ ದಿನ ಅತ್ತೆ ಗಂಜಿಯ ಬಟ್ಟಲನ್ನು ದೂರ ಸರಿಸಿದರು.

"ನೀರು ವಾಸನೆ ಬರ್ತಾ ಉಂಟು."

ಆಗ ನಮ್ಮ ಮನೆಯಲ್ಲಿ ಒಂದು ಹೊಸ ಶಾಸ್ತ್ರ ನಡೆಯುತ್ತಿತ್ತು. ಕೊರೊನಾ ಬಂದರೆ ಮೂಗಿಗೆ ವಾಸನೆ ಗೊತ್ತಾಗುವುದಿಲ್ಲ ಎಂದು ಕೇಳಿ, ಗಂಡ ದಿನಾ ಬೆಳಿಗ್ಗೆ ಕಾಫಿಪುಡಿಯ ಡಬ್ಬಿಯನ್ನು ಮೂವರ ಮೂಗಿಗೂ ಹಿಡಿಯುತ್ತಿದ್ದರು. ಅತ್ತೆಯ ಮಾತಿಗೆ ಅವರು ನಕ್ಕುಬಿಟ್ಟರು. "ವಾಸನೆ ಬರ್ತದೆ ಅಂದರೆ ಒಳ್ಳೆಯದೇ ಅಮ್ಮಾ. ನಿಮಗೆ ಕೊರೊನಾ ಇಲ್ಲ!" ನಾನೂ ನಕ್ಕೆ. ಆ ನೀರಿನಲ್ಲಿ ಮುಖ ತೊಳೆದು, ಆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ನಕ್ಕೆ.

ಕುಡಿಯಲು ಫಿಲ್ಟರು ಇತ್ತು. ಅದರ ಒಳಗಿನ ಬಿಳಿಯ ಕಡ್ಡಿ ಬೂದು ಬಣ್ಣಕ್ಕೆ ತಿರುಗಿದಾಗ ಸರ್ವಿಸಿನವನಿಗೆ ಬರಲಾಗುತ್ತಿಲ್ಲವಲ್ಲ ಎಂದು ಬೈದೆವು. ಸ್ನಾನ ಮಾಡಿದ ಮೈ ಅಂಟಂಟಾದಾಗ ಸೆಕೆಗೆ ಎಂದೆವು. ಸ್ಟೋರಿನ ಒಣಮೀನು ಕೆಟ್ಟಿರಬೇಕು ಎಂದು ಗೋಣಿ ಬಿಚ್ಚಿ ಒಂದೊಂದೇ ಮೂಸಿ ನೋಡಿದೆವು. ನೀರಿನ ಮೂಲವನ್ನು ಹೋಗಿ ನೋಡುವ ಎಂದು ಇಬ್ಬರು ಓದಿದವರಿಗೂ ಹೊಳೆಯಲಿಲ್ಲ. ಬೀಗ ಇದೆಯಲ್ಲ, ಬೀಗದೊಳಗೆ ಇರುವುದು ಶುದ್ಧವೇ ಇರಬೇಕು ಎಂಬ ಭ್ರಮೆ.

ಆಮೇಲೆ ಮೂವರಿಗೂ ವಾಂತಿ, ಭೇದಿ ಹಿಡಿಯಿತು. ವಿವರ ಬೇಡ. ಇದ್ದ ಎರಡು ಪಾಯಿಖಾನೆಗೆ ನಾವು ಮೂವರು ಒಬ್ಬರನ್ನೊಬ್ಬರು ದೂಡಿಕೊಂಡು ಓಡಿದ್ದನ್ನು ನೆನೆದರೆ ಸಾಕು. ಅತ್ತೆ ನಿಂತಲ್ಲೇ ಕುಸಿದರು. ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ಪು ಹಾಕಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ನೀರು ಕುಡಿಯೋದು?" ಗಂಡ ಎದೆಯುಬ್ಬಿಸಿ, "ನಮ್ಮದೇ ಬಾವಿ, ಬೇರೆ ಯಾರೂ ಮುಟ್ಟುವುದಿಲ್ಲ," ಎಂದರು.

ಅಲ್ಲಿಂದ ಬಂದವಳೇ ನಾನು ಬಾವಿಯ ಬೀಗ ತೆಗೆದೆ. ಗ್ರಿಲ್ಲು ಎತ್ತುವ ಮೊದಲೇ ನಾತ ಮುಖಕ್ಕೆ ಬಡಿಯಿತು. ಕೆಳಗೆ ಏನೋ ಉಬ್ಬಿ ತೇಲುತ್ತಿತ್ತು, ಸುತ್ತ ಎಣ್ಣೆಯ ಹಾಗೆ ಪದರ. ಆ ಪದರದ ಅಡಿಯಿಂದಲೇ ಪಂಪಿನ ಪೈಪು ನೀರು ಎಳೆದು ನಮ್ಮ ಟ್ಯಾಂಕಿಗೆ, ನಳ್ಳಿಗೆ, ಅನ್ನದ ಪಾತ್ರೆಗೆ ಕಳಿಸುತ್ತಿದ್ದದ್ದು. ನಾನು ಬಾವಿಕಟ್ಟೆಯ ಬದಿಯಲ್ಲೇ ಕಾರಿಕೊಂಡೆ. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಹಳದಿ ನೀರು ಬಂತು.

ಗಂಡ ಹತ್ತು ಕಡೆ ಫೋನು ಮಾಡಿದರು. ಬಾವಿಗೆ ಇಳಿಯುವವರು ಯಾರೂ ಬರಲು ತಯಾರಿರಲಿಲ್ಲ. ಸ್ಟೋರಿನಲ್ಲಿ ಎಲ್ಲ ಇತ್ತು. ಬಾವಿಗೆ ಇಳಿಯುವ ಒಬ್ಬ ಮನುಷ್ಯ ಇರಲಿಲ್ಲ. ಕೊನೆಗೆ ಕೆಳಗಿನ ಮನೆಗೆ ಹೋಗಬೇಕಾಯಿತು. ಗಂಡ ಹೋಗಲಿಲ್ಲ, ನನ್ನನ್ನು ಕಳಿಸಿದರು.

ಅವಳ ಗಂಡ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ಉಸಿರಾಡುವ ಗಾಳಿ ಇದೆಯೋ ಎಂದು ನೋಡಲು ಮೊದಲು ಉರಿಯುವ ಬತ್ತಿಯನ್ನು ಕೆಳಗೆ ಬಿಟ್ಟ. ಅದು ನಂದಲಿಲ್ಲ, ಇಳಿದ. ಅವಳು ಕಟ್ಟೆಯ ಮೇಲೆ ನಿಂತು ಹಗ್ಗ ಹಿಡಿದಳು. ಬಾಲ್ದಿಯಲ್ಲಿ ಆ ಹೆಗ್ಗಣ ಮೇಲೆ ಬಂದಾಗ ನನ್ನ ಗಂಡ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಚರ್ಮ ಕಿತ್ತು ಬಂದಿತ್ತು. ಅವಳು ಅದನ್ನು ಒಮ್ಮೆ ನೋಡಿ, ಯಾವ ಕೊಂಕೂ ಇಲ್ಲದೆ ಹೇಳಿದಳು.

"ಅವತ್ತು ನಾನು ಈ ಗೇಟಿನ ಆಚೆ ತರಗೆಲೆ ಗುಡಿಸ್ತಾ ಇದ್ದೆ ಟೀಚರ್. ಬೆಕ್ಕು ಇದನ್ನು ಓಡಿಸಿಕೊಂಡು ಬಂತು, ಇದು ಪೈಪಿನ ಸಂದಿಯಲ್ಲಿ ದುಡುಂ ಅಂತ ಬಿತ್ತು. ಈ ಗೇಟಿಗೆ ಬೀಗ. ಅದಕ್ಕೆ ಸುತ್ತು ಬಂದು ಎದುರಿನಿಂದ ಕರೆದದ್ದು. ನೀವು ಪರದೆಯ ಹಿಂದೆ ಇದ್ದಿರಿ. ಪಂಪು ಹಾಕಬೇಡಿ ಅಂತ ಹೇಳುವ ಅಂತ ಬಂದದ್ದು."

ಮುಖ ಎಲ್ಲಿ ಇಟ್ಟುಕೊಳ್ಳುವುದು? 'ಮಾಡಿದ್ದುಣ್ಣೋ ಮಹಾರಾಯ' ಎನ್ನುತ್ತಾರೆ. ನಾವು ಅದನ್ನು ಉಪ್ಪಿನಕಾಯಿ ನೆಂಚಿಕೊಂಡು ಎಂಟು ದಿನ ಉಂಡಿದ್ದೆವು.

ಹೇಸಿಗೆ ಅಲ್ಲಿಗೂ ಮುಗಿಯಲಿಲ್ಲ. ಬಾವಿಯ ನೀರನ್ನು ಪೂರ್ತಿ ಹೊರಗೆ ಹಾಕಬೇಕಿತ್ತು. ಎರಡು ಪಂಪು ಇಟ್ಟು ಹೊಡೆದೆವು. ನೀರು ತಗ್ಗಿಗೇ ಹರಿಯುವುದು. ತಗ್ಗಿನಲ್ಲಿದ್ದದ್ದು ಆ ಮೂರು ಮನೆಗಳು. ಚಿಕ್ಕ ಗೇಟಿನ ಅಡಿಯಿಂದ ನುಗ್ಗಿದ ನಾರುವ ನೀರು ಅವಳ ಅಂಗಳದ ನಡುವಿನಿಂದಲೇ ಹರಿಯಿತು. ಒಂದು ಹಂಡೆ ಕೇಳಿದ್ದವಳ ಹೊಸ್ತಿಲಿಗೆ ಅಷ್ಟೂ ನೀರು ಹೋಯಿತು. ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡು, ಮೂಗಿಗೆ ಸೆರಗು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಪ್ಪ ಬಾವಿಯಿಂದ ಮೇಲೆ ಬಂದು ಮೈ ತೊಳೆಯಲು ನೀರಿಲ್ಲದೆ ಹಾಗೇ, ಆ ಮೈಯಲ್ಲೇ, ಕೋರೆಗೆ ನಡೆದು ಹೋದ. ನಾನು ಸ್ಟೋರಿನಿಂದ ಹೊಸ ಡೆಟಾಲು ಸಾಬೂನು ತಂದು ಕೊಟ್ಟೆ. ಅಷ್ಟೆಲ್ಲ ಆದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಸಾಬೂನು!

ಮತ್ತೆ ಬ್ಲೀಚಿಂಗ್ ಪೌಡರು, ಹೊಸ ರಾಟೆ, ಹೊಸ ಹಗ್ಗ ಎಲ್ಲ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ನಾವು. ನಮ್ಮ ಸಂಗತಿಯಲ್ಲಿ ಬಾಗಿಲು ತೆಗೆದೆವು ಎಂಬುದಷ್ಟೇ ವ್ಯತ್ಯಾಸ. ಕುಚ್ಚಲಕ್ಕಿಗೆ ಮಳೆಗಾಲದಲ್ಲಿ ಹುಳ ಹಿಡಿಯಿತು. ಬೀನ್ಸಿನ ಡಬ್ಬಿಗಳು ಉಬ್ಬಿಕೊಂಡವು. ಅತ್ತೆ ಆಸ್ಪತ್ರೆಯಿಂದ ಬಂದರು, ಬದುಕಿದರು, ಆದರೆ ಮಗನ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳುವಾಗ ಈಗಲೂ ಮೊದಲು ಮೂಸಿ ನೋಡುತ್ತಾರೆ. ಗಂಡ ಅದನ್ನು ನೋಡಿಯೂ ನೋಡದವರಂತೆ ಇರುತ್ತಾರೆ.

ಬಾವಿಯಲ್ಲಿ ಪುನಃ ತಿಳಿನೀರು ನಿಂತ ದಿನ ನಾನೇ ಕೆಳಗೆ ಹೋಗಿ ಅವಳನ್ನು ಕರೆದೆ.

"ಬೀಗ ತೆಗೆದಿದ್ದೇವೆ ಮಾರಾಯ್ತಿ. ಮೊದಲಿನ ಹಾಗೆ ಬನ್ನಿ ಎಲ್ಲರೂ."

ಅವಳು ಮೊರದಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ತಲೆ ಎತ್ತಿ ನಕ್ಕಳು.

"ಪಂಚಾಯತಿನ ಮೋಟಾರು ಸರಿಯಾಯ್ತಲ್ಲ ಟೀಚರ್, ನೀರು ಬರ್ತದೆ ಈಗ. ನಿಮ್ಮದು ಇರಲಿ, ನಿಮಗೇ ಬೇಕಾದೀತು."

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ನಮ್ಮ ಬಗ್ಗೆ ಕಾಳಜಿಯಿಂದ ಹೇಳಿದ ಹಾಗೆ ಇತ್ತು. ಏನೋ ಕಾಯಿಲೆ ಇರುವವರ ಹತ್ತಿರ ಮಾತಾಡುವ ಹಾಗೆ.

ಮರುವರ್ಷ ಏಪ್ರಿಲಿನಲ್ಲಿ ನಳ್ಳಿ ಪುನಃ ಕೈಕೊಟ್ಟಿತು. ಒಂದು ಬೆಳಿಗ್ಗೆ ನಾನು ಹಿತ್ತಿಲಲ್ಲಿದ್ದಾಗ ಅವಳು ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಗೋಡೆಯ ಆಚೆ ಹೋಗುವುದು ಕಂಡಿತು. ಹಿಂದೆ, ತವರಿಗೆ ಬಂದಿದ್ದ ಮಗಳು, ಅವಳ ಸೊಂಟದಲ್ಲಿ ವರ್ಷದ ಕೂಸು. ಬಾವಿಯಲ್ಲಿ ನೀರಿತ್ತು, ಗೇಟು ತೆರೆದೇ ಇತ್ತು. ನಾನು ಅವಸರದಲ್ಲಿ ಹೊಸ ಹಗ್ಗಕ್ಕೆ ಕೊಡ ಕಟ್ಟಿ ಬಾವಿಗೆ ಇಳಿಸಿ, ಇಬ್ಬರನ್ನೂ ಕೂಗಿ ಕರೆದೆ.

"ಹೊತ್ತಾಯ್ತು ಟೀಚರ್," ಎಂದಳು ಅವಳು, ನಿಲ್ಲದೆ. "ಕೋರೆಯಲ್ಲಿ ಆಮೇಲೆ ರಶ್ ಆಗ್ತದೆ."